ನಾರನ್ನು ‘ಅರಗಿಸುವುದು’ ಅನ್ನಬಹುದಾ? ಸ್ಯಾಕರಿಫಿಕೇಶನ್‌ಗೆ ಪದ ಬೇಕು

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ತೊಗರಿ ಕಟ್ಟಿಗೆ, ಜೋಳದ ಕಣಿಕೆ, ಕಬ್ಬಿನ ರವದಿ ಇವುಗಳಲ್ಲಿರುವ ನಾರಿಗೆ ಕಿಣ್ವ (ಎಂಜೈಮ್) ಹಾಕಿ ಸಕ್ಕರೆಯಾಗಿ ಬಿಡಿಸುತ್ತಾರಲ್ಲ, ಆಮೇಲೆ ಅದನ್ನು ಹುಳಿ ಬರಿಸಿ ಎಥೆನಾಲ್ ತೆಗೆಯುತ್ತಾರೆ. ಈ ವಿಷಯದ ಮೇಲೆ ರೈತರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಹಂತಕ್ಕೆ ಇಂಗ್ಲಿಷಿನವರು ಸ್ಯಾಕರಿಫಿಕೇಶನ್ ಅಂತಾರೆ. ಕನ್ನಡದಲ್ಲಿ ಏನನ್ನಬೇಕು ಅಂತ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ.

ಮೊದಲು ‘ಶರ್ಕರೀಕರಣ’ ಅಂತ ಬರೆದೆ. ಓದಿದರೆ ನನಗೇ ನಾಲಿಗೆ ಹೊರಳಲಿಲ್ಲ. ಹೊಡೆದುಹಾಕಿ ‘ತೊಗರಿ ಕಟ್ಟಿಗೆಯಿಂದ ಸಕ್ಕರೆ ಮಾಡುವುದು’ ಅಂತ ಮಾಡಿದೆ. ಆಳಂದ ಕಡೆಯ ಪರಿಚಯದ ಕಾಕಾ ಒಬ್ಬರು ಸಂತೆಗೆ ಬಂದಾಗ ಓದಿ ಹೇಳಿದೆ. ಅವರು ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: “ಈ ಸಕ್ರಿ ಚಾಕ್ಕ ಹಾಕ್ಲಾಕ ಬರ್ತದೇನು ತಮ್ಮಾ?”

ತಪ್ಪು ನನ್ನದೇ. ಅಂಗಡಿಯ ಸಕ್ಕರೆ ಸುಕ್ರೋಸ್. ಇಲ್ಲಿ ಬರುವುದು ಮುಖ್ಯವಾಗಿ ಗ್ಲೂಕೋಸ್, ಜೊತೆಗೆ ಕ್ಸೈಲೋಸಿನಂಥ ಇನ್ನೊಂದಿಷ್ಟು. ರಸಾಯನದವರಿಗೆ ಎಲ್ಲವೂ ಸಕ್ಕರೆ. ಕಾಕಾಗೆ ಸಕ್ಕರೆ ಅಂದರೆ ಡಬ್ಬಿಯಲ್ಲಿರುವುದು. ತಮಾಷೆ ಏನೆಂದರೆ ಸ್ಯಾಕರಿಫಿಕೇಶನ್ ಒಳಗೆ ಕೂತಿರುವುದೂ ನಮ್ಮ ಸಕ್ಕರೆಯೇ. ಸಂಸ್ಕೃತದ ಶರ್ಕರಾ ಅಂದರೆ ಹರಳು, ನೊರಜುಗಲ್ಲು. ಅದು ಪ್ರಾಕೃತದ ದಾರಿಯಲ್ಲಿ ನಮಗೆ ಸಕ್ಕರೆ ಆಯಿತು, ಗ್ರೀಕ್, ಲ್ಯಾಟಿನ್ ಕಡೆ ಹೋಗಿ ಸಾಕರಮ್ ಆಯಿತು. ಹಾಗಂತ ‘ಸಕ್ಕರೆಗೊಳಿಸು’ ಅಂದರೆ ಮೇಲಿಂದ ಸಕ್ಕರೆ ಉದುರಿಸಿದ ಹಾಗೆ ಕೇಳುತ್ತದೆ.

ಸರಿ, ಸಕ್ಕರೆ ಬಿಟ್ಟು ಕ್ರಿಯಾಪದ ಹುಡುಕಿದೆ. ‘ಕಟ್ಟಿಗೆ ಒಡೆಯುವುದು’ ಅಂದರೆ ಕೊಡಲಿ ತಗೊಂಡು ಹೊರಡುತ್ತಾರೆ. ‘ಕರಗಿಸುವುದು’ ಅಂದರೆ ಸುಳ್ಳಾಗುತ್ತದೆ, ನಾರಿನ ಮುಖ್ಯ ಭಾಗವಾದ ಸೆಲ್ಯುಲೋಸ್ ನೀರಿನಲ್ಲಿ ಕರಗುವುದಿಲ್ಲ. ‘ಕೊಳೆಸುವುದು’ ಹತ್ತಿರ ಬರುತ್ತದೆ, ಆದರೆ ತಿಪ್ಪೆಯಲ್ಲಿ ಕೊಳೆತಾಗ ಹುಟ್ಟಿದ ಸಕ್ಕರೆಯನ್ನು ಅಲ್ಲಿನ ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ, ನಮಗೆ ಉಳಿಯುವುದು ಗೊಬ್ಬರ. ‘ಜಲವಿಭಜನೆ’ (ಹೈಡ್ರಾಲಿಸಿಸ್) ಅಂದರೆ ನೀರನ್ನೇ ಒಡೆಯುತ್ತಾರೆ ಅನ್ನಿಸುತ್ತದೆ. ಪೂರ್ತಿ ಸುಳ್ಳೇನಲ್ಲ. ಸೆಲ್ಯುಲೋಸ್ ಅಂದರೆ ಗ್ಲೂಕೋಸಿನ ಉದ್ದ ಸರಪಳಿ, ಅದರ ಒಂದೊಂದು ಕೊಂಡಿ ಬಿಚ್ಚುವಾಗಲೂ ಒಂದು ನೀರಿನ ಅಣು ಒಳಗೆ ಸೇರುತ್ತದೆ. ಅದಕ್ಕೇ ಲೆಕ್ಕದ ಪ್ರಕಾರ 100 ಕೆಜಿ ಸೆಲ್ಯುಲೋಸ್ ಪೂರ್ತಿ ಬಿಚ್ಚಿದರೆ 111 ಕೆಜಿ ಗ್ಲೂಕೋಸ್ ಬರಬೇಕು. ಈ ಮಾತು ಹೇಳಿದಾಗ ಕಾಕಾ ನನ್ನ ಮುಖವನ್ನೇ ನೋಡಿದರು.

ಈಗ ನನ್ನ ಒಲವು ‘ಅರಗಿಸುವುದು’ ಕಡೆಗಿದೆ. ಎಮ್ಮೆ ಕಣಿಕೆ ತಿಂದು ಮಾಡುವುದು ಇದನ್ನೇ ಅಲ್ವಾ? ಎಮ್ಮೆಗೆ ಸ್ವಂತದ ಸೆಲ್ಯುಲೇಸ್, ಅಂದರೆ ಸೆಲ್ಯುಲೋಸ್ ಬಿಚ್ಚುವ ಕಿಣ್ವ, ಇಲ್ಲ. ಅದರ ಹೊಟ್ಟೆಯ ಮೊದಲ ಚೀಲದಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಬಿಡಿಸಿಕೊಡುತ್ತವೆ. ನಮಗೂ ಸ್ವಲ್ಪ ಅನುಭವ ಇದೆ: ಜೋಳದ ರೊಟ್ಟಿಯ ತುಂಡನ್ನು ನುಂಗದೆ ಅಗಿಯುತ್ತಾ ಹೋದರೆ ಸಿಹಿ ಆಗುತ್ತದೆ. ಎಂಜಲಿನ ಕಿಣ್ವ ಪಿಷ್ಟವನ್ನು ಅರಗಿಸಿದ ರುಚಿ ಅದು. ನಾರಿನಲ್ಲಿರುವುದೂ ಗ್ಲೂಕೋಸೇ, ಹೆಣೆದ ರೀತಿ ಬೇರೆ, ಹಾಗಾಗಿ ನಮ್ಮ ಎಂಜಲು ಅದರ ಮೇಲೆ ನಡೆಯುವುದಿಲ್ಲ. ಒಂದೇ ತಕರಾರು: ಅರಗು ಅಂದರೆ ಲಾಕ್ಷವೂ ಹೌದು. ಲಿಗ್ನಿನ್ ನಾರುಗಳ ನಡುವೆ ಅರಗಿನ ಹಾಗೇ ಮೆತ್ತಿಕೊಂಡಿರುತ್ತದೆ, ಕಿಣ್ವವನ್ನು ಒಳಗೆ ಬಿಡುವುದಿಲ್ಲ. ಒಂದೇ ಪುಟದಲ್ಲಿ ಎರಡೂ ಅರಗು ಬಂದರೆ ಗೊಂದಲ. ಲಿಗ್ನಿನ್‌ಗೆ ‘ಕಟ್ಟಿಗೆಯಂಟು’ ಅಂದರೆ ಹೇಗೆ? ಲ್ಯಾಟಿನ್‌ನಲ್ಲಿ ಲಿಗ್ನಮ್ ಅಂದರೆ ಕಟ್ಟಿಗೆಯೇ.

‘ಕಿಣ್ವ’ದ ಬಗ್ಗೆ ಜಗಳವಿಲ್ಲ, ಅದು ಚೆಂದದ ಪದ. ಹಳೆಯ ಸಂಸ್ಕೃತದಲ್ಲಿ ಹೆಂಡ ಮಾಡಲು ಹಾಕುವ ಹುದುಗಿಗೆ ಕಿಣ್ವ ಅನ್ನುತ್ತಿದ್ದರು, ಅರ್ಥಶಾಸ್ತ್ರದ ಸುರೆಯ ಭಾಗದಲ್ಲೂ ಬರುತ್ತದೆ. 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಎಂಜೈಮ್ ಅನ್ನುವ ಪದ ಕಟ್ಟಿದ್ದೂ ಗ್ರೀಕಿನ ‘ಹುದುಗಿನೊಳಗೆ’ ಎಂಬ ಮಾತಿನಿಂದ. ಕಾಕಾಗೆ ಸುಲಭ ಆಗಲಿ ಅಂತ ನಾನು ಸುಮ್ನೆ ‘ಹೆಪ್ಪು’ ಅಂದುಬಿಟ್ಟೆ. “ಹಂಗಾದ್ರ ನಾಳಿಗಿ ಒಂದು ಸೌಟು ತೆಗೆದಿಟ್ರ ಆಯ್ತಲ್ಲ” ಅಂದರು. ಅಲ್ಲೇ ಸಿಕ್ಕಿಬಿದ್ದೆ. ಹೆಪ್ಪು ಜೀವ ಇರುವಂಥದ್ದು, ಬೆಳೆಯುತ್ತದೆ. ಕಿಣ್ವ ಬೆಳೆಯುವುದಿಲ್ಲ. ಪ್ರತಿ ಸಲ ಹೊಸದಾಗಿ ಹಾಕಬೇಕು, ಖರ್ಚೂ ಅಲ್ಲೇ ಜಾಸ್ತಿ.

ಅದನ್ನು ಕೊಡುವ ಬೂಷ್ಟು ಮಾತ್ರ ಜೀವಂತ. ಅದರ ಹೆಸರು ಹೇಳಿದ ಕೂಡಲೇ ಕಾಕಾ ಅರಳಿದರು: ಟ್ರೈಕೋಡರ್ಮಾ! ತೊಗರಿಗೆ ನೆಟೆ ರೋಗ ಬಾರದಿರಲಿ ಅಂತ ಕೆಜಿ ಬೀಜಕ್ಕೆ 4 ಗ್ರಾಂ ಸವರುತ್ತಾರಲ್ಲ, ಅದರದೇ ಬಳಗ. ಸೆಲ್ಯುಲೇಸ್‌ಗೆ ಬೆಳೆಸುವ ಟ್ರೈಕೋಡರ್ಮಾ ರೀಸಿ ಮೊದಲು ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ, ಸೊಲೊಮನ್ ದ್ವೀಪಗಳಲ್ಲಿ. ಅಲ್ಲಿ ಅಮೆರಿಕದ ಸೈನಿಕರ ಹತ್ತಿಬಟ್ಟೆಯ ಡೇರೆಗಳನ್ನು ತಿಂದುಹಾಕುತ್ತಿತ್ತಂತೆ. ಅದರ ಕಿಣ್ವಕ್ಕೆ 50 ಡಿಗ್ರಿ ಬಿಸಿ ಹಿತ. ನಮ್ಮ ಮೇ ತಿಂಗಳಿಗಿಂತ ಕೊಂಚ ಮೇಲೆ, ಅಷ್ಟೇ.

‘ಕೃಷಿ ತ್ಯಾಜ್ಯ’ವನ್ನೂ ತೆಗೆದುಬಿಟ್ಟೆ. “ನಾವ್ಯಾವಾಗ ಬಿಸಾಕೀವಿ? ಕಟಗಿ ಒಲಿಗಿ ಬೇಕು, ಕಣಕಿ ದನಕ್ಕ ಬೇಕು” ಅಂದರು ಕಾಕಾ. ಈಗ ‘ಬೆಳೆ ಉಳಿಕೆ’ ಅಂತ ಹಾಕಿದ್ದೇನೆ.

ಉಳಿದಿರುವುದು ಪ್ರೀಟ್ರೀಟ್‌ಮೆಂಟ್. ಕಿಣ್ವ ಹಾಕುವ ಮುಂಚೆ ಒತ್ತಡದ ಹಬೆ ಕೊಟ್ಟು ಥಟ್ಟನೆ ಬಿಟ್ಟು, ಇಲ್ಲವೇ ತೆಳು ಆಮ್ಲದಲ್ಲಿ ಬೇಯಿಸಿ ಅಂಟಿನ ಹಿಡಿತ ಸಡಿಲ ಮಾಡುತ್ತಾರೆ. ‘ಹದ ಮಾಡುವುದು’ ಅಂದುಕೊಂಡಿದ್ದೇನೆ, ಆದರೆ ಹದ ಹೊಲಕ್ಕೂ ಇದೆ, ಹಿಟ್ಟಿಗೂ ಇದೆ. ಬೀದರ್, ಯಾದಗಿರಿ ಕಡೆಯವರು ಒಂದು ಹೇಳಿ: ಪುಂಡಿ ಕಟ್ಟಿಗೆಯನ್ನು ಹಗ್ಗಕ್ಕಾಗಿ ದಿನಗಟ್ಟಲೆ ನೀರಿನಲ್ಲಿ ಹೂತಿಟ್ಟು ನಾರು ಸುಲಿಯುತ್ತಿದ್ದರಲ್ಲ, ಹಾಗೆ ನಾರು ಸಡಿಲ ಬಿಟ್ಟಾಗ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು?