ನಾಟಕದ ರಿವಾಲ್ವರ್: ಕುದುರೆ ಎಳೆದರೂ ಸಿಲಿಂಡರ್ ತಿರುಗುತ್ತಿಲ್ಲ

ಡೊಂಬಿವಲಿ ಪರದೆ:
ನಮಸ್ಕಾರ. ಮುಂಬೈಯಲ್ಲಿ ನಮ್ಮದೊಂದು ಸಣ್ಣ ಕನ್ನಡ ನಾಟಕದ ಗುಂಪು ಇದೆ. ಸಾಮಾನಿನ ಪೆಟ್ಟಿಗೆ ನನ್ನ ಜವಾಬ್ದಾರಿ. ಅದರಲ್ಲಿ ಹಳೆಯ ಕೋಲ್ಟ್ ಸಿಂಗಲ್ ಆಕ್ಷನ್ ಮಾದರಿಯ ನಕಲಿ ರಿವಾಲ್ವರ್ ಒಂದಿದೆ. ನಳಿಗೆ ಪೂರ್ತಿ ಮುಚ್ಚಿದೆ, ಗುಂಡು ಹಾರುವುದಿಲ್ಲ. ಆದರೆ ಒಳಗಿನ ಯಂತ್ರ ಮಾತ್ರ ಅಸಲಿನಂತೆಯೇ.

ಸಮಸ್ಯೆ ಇದು. ಮನೆಯಲ್ಲಿ ಮೇಜಿನ ಮುಂದೆ ಕೂತು ಕುದುರೆ, ಅಂದರೆ ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆಯುವ ಹ್ಯಾಮರ್, ಎಳೆದರೆ ಗುಂಡಿನ ಕೋಣೆಗಳಿರುವ ಸಿಲಿಂಡರ್ ಚೆನ್ನಾಗಿ ತಿರುಗುತ್ತೆ. ತಾಲೀಮಿನಲ್ಲಿ ನಮ್ಮ ಹೀರೋ ಎಳೆದರೆ ಅಲ್ಲಾಡೋದೇ ಇಲ್ಲ. ಮಾಟುಂಗದಲ್ಲಿ ಶೋ ಇದೆ, ಎರಡೇ ವಾರ ಉಳಿದಿದೆ. ನನ್ನ ಕೈಯಲ್ಲಿ ಸರಿ, ಅವನ ಕೈಯಲ್ಲಿ ಕೈ ಕೊಡುತ್ತೆ. ಏನಿದು ಮಾರಾಯ್ರೆ?

ಠಾಣೆ ಲೋಕಲ್:
ಎಣ್ಣೆ ಒಣಗಿರುತ್ತೆ ಅಷ್ಟೇ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಡಿ.

ಪಿಂಪ್ರಿ ಫಿಟ್ಟರ್:
ಮುಳುಗಿಸೋದು ಆಮೇಲೆ. ಮೊದಲು ಕಿವಿಗೆ ಕೆಲಸ ಕೊಡಿ. ಹ್ಯಾಮರನ್ನು ನಿಧಾನಕ್ಕೆ ಪೂರ್ತಿ ಹಿಂದಕ್ಕೆ ಎಳೆಯಿರಿ. ಎಷ್ಟು ಸಲ ಕ್ಲಿಕ್ ಅನ್ನುತ್ತೆ? 1873ರ ಅಸಲಿ ವಿನ್ಯಾಸದಲ್ಲಿ ನಾಲ್ಕು. ಮೊದಲನೆಯದು ಸೇಫ್ಟಿ ಕಚ್ಚು, ಎರಡನೆಯದು ಹಾಫ್ ಕಾಕ್, ಅಂದರೆ ಹ್ಯಾಮರ್ ಅರ್ಧಕ್ಕೆ ನಿಲ್ಲುವ ಜಾಗ. ಮೂರನೆಯದು ಬೋಲ್ಟ್, ಅಂದರೆ ಸಿಲಿಂಡರನ್ನು ಹಿಡಿದು ನಿಲ್ಲಿಸುವ ತುಂಡು, ಮೇಲೆದ್ದು ಸಿಲಿಂಡರಿಗೆ ತಾಗುವ ಸದ್ದು, ನಾಲ್ಕನೆಯದು ಫುಲ್ ಕಾಕ್, ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಜಾಗ.

ಇನ್ನೊಂದು ಪ್ರಶ್ನೆ. ನಿಮ್ಮ ಹೀರೋ ಎಳೆಯುವಾಗ ನಳಿಗೆ ಯಾವ ಕಡೆ ಇರುತ್ತೆ?

ಡೊಂಬಿವಲಿ ಪರದೆ:
ನಾಲ್ಕೂ ಕೇಳುತ್ತೆ ಸರ್, ಇಬ್ಬರ ಕೈಯಲ್ಲೂ. ಹೀರೋ ಕೈ ಎತ್ತಿ ಆಕಾಶಕ್ಕೆ ಹಿಡಿಯುತ್ತಾನೆ. ನಾನು ಮನೆಯಲ್ಲಿ ನೆಲದ ಕಡೆ ಬಗ್ಗಿಸಿ ಹಿಡಿದು ನೋಡುತ್ತೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಪಿಂಪ್ರಿ ಫಿಟ್ಟರ್:
ಸಂಬಂಧ ಅಲ್ಲೇ ಇರೋದು.

ಹ್ಯಾಮರಿನ ಪಕ್ಕಕ್ಕೆ ಒಂದು ಉದ್ದನೆಯ ಸಣ್ಣ ತುಂಡು ಜೋಡಿಸಿರುತ್ತಾರೆ. ಅದರ ಹೆಸರೇ ಹ್ಯಾಂಡ್, ಅಂದರೆ ಕೈ. ಹ್ಯಾಮರ್ ಹಿಂದಕ್ಕೆ ಹೋದಾಗ ಈ ಕೈ ಮೇಲಕ್ಕೇರಿ, ಸಿಲಿಂಡರಿನ ಬೆನ್ನಲ್ಲಿರುವ ಹಲ್ಲನ್ನು ತಳ್ಳುತ್ತೆ. ಆರು ಕೋಣೆ, ಆರು ಹಲ್ಲು. ಒಂದು ಎಳೆತಕ್ಕೆ 60 ಡಿಗ್ರಿ. ಕೈ ಸದಾ ಹಲ್ಲಿಗೆ ಒತ್ತಿಕೊಂಡಿರಲಿ ಅಂತ ಅದರ ಬೆನ್ನಿಗೆ ತೆಳ್ಳನೆಯ ಪಟ್ಟಿ ಸ್ಪ್ರಿಂಗ್ ಇರುತ್ತೆ. ಅದು ಮುರಿದರೆ ಕೈಗೆ ಒತ್ತಡವೇ ಇಲ್ಲ. ನಳಿಗೆ ಕೆಳಗಿದ್ದರೆ ಕೈ ತನ್ನ ಭಾರಕ್ಕೆ ಮುಂದಕ್ಕೆ ಬಿದ್ದು ಹಲ್ಲಿಗೆ ಸಿಕ್ಕಿಕೊಳ್ಳುತ್ತೆ. ನಳಿಗೆ ಮೇಲಾದರೆ ಹಿಂದಕ್ಕೆ ಜಾರಿ ಸುಮ್ನೆ ಗಾಳಿಯಲ್ಲಿ ಮೇಲೆ ಕೆಳಗೆ ಆಡುತ್ತೆ. ಕೈ ಕೊಟ್ಟಿರೋದು ಕೈಯೇ!

ನಾಲ್ಕೂ ಕ್ಲಿಕ್ ಸರಿ ಇರೋದರಿಂದ ಬೋಲ್ಟ್, ಟ್ರಿಗರ್ ಎರಡರ ಮೇಲೂ ನನಗೆ ಅನುಮಾನವಿಲ್ಲ. ಅವೆರಡಕ್ಕೂ ಒಂದೇ ಸ್ಪ್ರಿಂಗ್, ಅದಕ್ಕೆ ಎರಡು ಕಾಲು. ಒಂದು ಕಾಲು ಮುರಿದಿದ್ದರೆ ಟ್ರಿಗರ್ ಸಡಿಲ ಬೀಳುತ್ತಿತ್ತು, ಇಲ್ಲವೇ ಸಿಲಿಂಡರ್ ಎಲ್ಲೂ ನಿಲ್ಲದೆ ದಾಟಿ ಹೋಗುತ್ತಿತ್ತು.

ಕುಶಾಲನಗರ ಟು ಪಣಜಿ:
ನಮ್ಮೂರಲ್ಲಿ ಕೋವಿಯ ಹ್ಯಾಮರ್‌ಗೆ ಕುದುರೆ ಅಂತೀವಿ. ಶೀರ್ಷಿಕೆಯಲ್ಲಿ ಆ ಪದ ನೋಡಿ ಖುಷಿಯಾಯ್ತು. ಒಂದು ಮಾತು ಸೇರಿಸುತ್ತೇನೆ. ಇದು ನಕಲಿ ಅಂತ ಸರಿ. ಲೈಸೆನ್ಸಿನ ಅಸಲಿ ಆಯುಧವಾಗಿದ್ದರೆ ಮನೆಯಲ್ಲಿ ಬಿಚ್ಚಿ ಸ್ಪ್ರಿಂಗ್ ಮಾಡೋಕೆ ಕೂರಬೇಡಿ. 1959ರ ಆಯುಧ ಕಾಯ್ದೆಯಲ್ಲಿ ರಿಪೇರಿ ವ್ಯವಹಾರಕ್ಕೂ ಲೈಸೆನ್ಸ್ ಬೇಕು, ಅಂಥವರ ಹತ್ತಿರವೇ ಕೊಡಿ. ಮತ್ತೆ, ನಕಲಿಯಾದರೂ ಲೋಕಲ್ ಟ್ರೈನಲ್ಲಿ ಬ್ಯಾಗಿನಿಂದ ಹೊರಗೆ ತೆಗೆಯಬೇಡಿ. ನೋಡಿದವರಿಗೆ ನಳಿಗೆ ಮುಚ್ಚಿರೋದು ಗೊತ್ತಾಗಲ್ಲ ಅಲ್ವಾ.

ಡೊಂಬಿವಲಿ ಪರದೆ:
ಬಿಚ್ಚುತ್ತೇನೆ ಸರ್. ಎಲ್ಲಿಂದ ಶುರು?

ಪಿಂಪ್ರಿ ಫಿಟ್ಟರ್:
ಹಾಫ್ ಕಾಕ್‌ಗೆ ತಂದು, ನಡುವಿನ ಪಿನ್ ಎಳೆದು, ಸಿಲಿಂಡರ್ ಹೊರಗೆ. ಆಮೇಲೆ ಹಿಡಿ, ದೊಡ್ಡ ಸ್ಪ್ರಿಂಗ್, ಟ್ರಿಗರ್ ಗಾರ್ಡ್, ಎರಡು ಕಾಲಿನ ಸ್ಪ್ರಿಂಗ್, ಟ್ರಿಗರ್, ಬೋಲ್ಟ್. ಕೊನೆಗೆ ಹ್ಯಾಮರಿನ ಸ್ಕ್ರೂ. ಹ್ಯಾಮರ್ ಕೆಳಗಿನಿಂದ ಬರುತ್ತೆ, ಕೈ ಅದರ ಜೊತೆಗೇ ಇರುತ್ತೆ.

ಸ್ಕ್ರೂಗಳು ಒಂದೊಂದು ಒಂದೊಂದು ಉದ್ದ. ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡಿ. ತಮಾಷೆಯಲ್ಲ, ನಾನು ಹಾಗೇ ಮಾಡೋದು. ಮನೆಯವರು ಬೈದರೆ ನನ್ನ ಹೆಸರು ಹೇಳಬೇಡಿ. ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂವಿನ ಕಚ್ಚಿಗೆ ಬಿಗಿಯಾಗಿ, ಪೂರ್ತಿ ಅಗಲಕ್ಕೆ ಕೂರಬೇಕು. ನಕಲಿಯ ಲೋಹ ಮೆತ್ತಗಿರುತ್ತೆ, ಜಾರಿದರೆ ಸ್ಕ್ರೂ ಹಾಳು.

ಡೊಂಬಿವಲಿ ಪರದೆ (ನಾಲ್ಕು ದಿನದ ನಂತರ):
ನೀವು ಹೇಳಿದ್ದೇ ಆಯ್ತು! ಸ್ಪ್ರಿಂಗ್ ಬುಡದಲ್ಲೇ ಮುರಿದಿದೆ. ಮುರಿದ ತುಂಡು ಕಪ್ಪು ಗ್ರೀಸಿನಲ್ಲಿ ಹೂತುಕೊಂಡಿತ್ತು. ಮುರಿದ ಅಂಚಿನಲ್ಲಿ ಅರ್ಧ ಭಾಗಕ್ಕೆ ತುಕ್ಕು, ಇನ್ನರ್ಧ ಹೊಳೆಯುತ್ತಿದೆ.

ಪಿಂಪ್ರಿ ಫಿಟ್ಟರ್:
ತುಕ್ಕಿನ ಅರ್ಧ ಹಳೆಯ ಬಿರುಕು. ಮುಂಬೈ ಮಳೆಗಾಲ ಅಲ್ಲಿ ಕೂತು ತಿಂದಿದೆ. ಹೊಳೆಯೋದು ಮೊನ್ನೆ ಮೊನ್ನೆ ಹೋಗಿದ್ದು. ಅಷ್ಟೇ ದಪ್ಪದ ಹಳೆಯ ಅಲಾರಂ ಗಡಿಯಾರದ ಸ್ಪ್ರಿಂಗ್ ಹುಡುಕಿ. ಅಗಲವನ್ನು ಕಲ್ಲಿಗೆ ಉಜ್ಜಿ ಇಳಿಸಿ. ಕೆಂಪಗೆ ಕಾಯಿಸಿದರೆ ಹದ ಹೋಗಿ ತಗಡಾಗುತ್ತೆ. ಉಜ್ಜುವಾಗ ಉದ್ದಕ್ಕೇ ಉಜ್ಜಿ. ಅಡ್ಡ ಗೀರು ಬಿದ್ದರೆ ಮುಂದಿನ ಬಿರುಕು ಅಲ್ಲಿಂದಲೇ ಶುರು. ಕೈಯ ಬೆನ್ನಿನ ಸೀಳಿನಲ್ಲಿ ಕೂರಿಸಿ, ಪಕ್ಕದಿಂದ ಸಣ್ಣ ಉಳಿಯಲ್ಲಿ ಮೆಲ್ಲಗೆ ತಟ್ಟಿ ಬಿಗಿ ಮಾಡಿ.

ಡೊಂಬಿವಲಿ ಪರದೆ:
ಅಜ್ಜನ ಕಾಲದ ಅಲಾರಂ ಒಂದು ಅಟ್ಟದಲ್ಲಿತ್ತು, ಅದರ ಸ್ಪ್ರಿಂಗೇ ಹೊಂದಿತು. ಮೊದಲನೆಯದು ಬಗ್ಗಿಸುವಾಗ ಪಟ್ ಅಂತ ಹೋಯ್ತು, ಎರಡನೆಯದು ನಿಂತಿತು. ಈಗ ಮೇಲೆ, ಕೆಳಗೆ, ಅಡ್ಡ, ಹೇಗೆ ಹಿಡಿದರೂ ತಿರುಗುತ್ತೆ. ಒಂದೇ ಬೇಜಾರು, ಸಿಲಿಂಡರಿನ ಸುತ್ತ ಒಂದು ಗೀರು ಬಿದ್ದಿದೆ. ಅದು ನನ್ನಿಂದಲೇ ಆಯ್ತಾ?

ಪಿಂಪ್ರಿ ಫಿಟ್ಟರ್:
ಹಾಫ್ ಕಾಕ್‌ನಿಂದ ನೇರವಾಗಿ ಹ್ಯಾಮರ್ ಇಳಿಸುತ್ತಿದ್ದೀರಿ ಅನ್ಸುತ್ತೆ. ಹಾಗೆ ಮಾಡಿದರೆ ಬೋಲ್ಟ್, ಸಿಲಿಂಡರಿನ ಮೇಲೆ ತಾನು ಕೂರುವ ಕಚ್ಚು ಸಿಗದ ಕಡೆ ಎದ್ದು, ಸಿಲಿಂಡರನ್ನು ಉಜ್ಜುತ್ತೆ. ಮೊದಲು ಫುಲ್ ಕಾಕ್‌ಗೆ ಒಯ್ದು, ಹೆಬ್ಬೆರಳಲ್ಲಿ ಹಿಡಿದು ಇಳಿಸಿ. ನಿಮ್ಮ ಹೀರೋಗೂ ಹೇಳಿಕೊಡಿ.