ಸಹಾಯ ಬೇಕು: ಎರೆಮಣ್ಣಿನ ಜಾಗದಲ್ಲಿ ಪಿಕಲ್‌ಬಾಲ್ ಅಂಕಣ (ಪುಣೆ)

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ.

ಪುಣೆಯ ಹೊರವಲಯದಲ್ಲಿರುವ ನಮ್ಮ ಮನೆಯ ಹಿಂದೆ 60 ಅಡಿ ಉದ್ದ, 30 ಅಡಿ ಅಗಲದ ಖಾಲಿ ಜಾಗವಿದ್ದು, ಮಕ್ಕಳೂ ನಿವೃತ್ತರಾದ ನಮ್ಮ ತಂದೆಯವರೂ ಒಟ್ಟಿಗೆ ಆಡುವಂತೆ ಅಲ್ಲಿ ಪಿಕಲ್‌ಬಾಲ್ (ಚಪ್ಪಟೆ ಬ್ಯಾಟಿನಿಂದ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ಬಲೆಯಾಚೆ ಹೊಡೆಯುವ, ಟೆನಿಸ್‌ನಂಥ ಆಟ) ಅಂಕಣ ಕಟ್ಟಿಸಬೇಕೆಂದಿದ್ದೇವೆ. ಗೆರೆಗಳೊಳಗಿನ ಅಳತೆ 44 ಅಡಿಗೆ 20 ಅಡಿಯಾದ್ದರಿಂದ ಜಾಗ ಸಾಲುತ್ತದೆ, ಚಿಂತೆಯೆಲ್ಲ ನೆಲದ್ದೇ.

ಇಲ್ಲಿಯದು ಎರೆಮಣ್ಣು. ಬೇಸಿಗೆಯಲ್ಲಿ ಬೆರಳು ಇಳಿಯುವಷ್ಟು ಬಿರುಕು ಬಿಡುವ ಈ ನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದರಿಂದ, ಮೇಲೆ ಎಷ್ಟು ಒಳ್ಳೆಯ ಕಾಂಕ್ರೀಟ್ ಹಾಕಿದರೂ ಅಡಿಪಾಯ ಸರಿಯಿಲ್ಲದಿದ್ದರೆ ಅದು ಸೀಳುವುದು ಖಂಡಿತ. ಮಣ್ಣು ತೆಗೆಸಿ, ಮುರುಮು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ತುಂಬಿಸಿ, ರೋಲರ್ ಹೊಡೆಸಿದ ಮೇಲೆ ಕಬ್ಬಿಣದ ಜಾಲರಿಯಿರುವ ಕಾಂಕ್ರೀಟ್ ಹಾಕಿಸುವ ಯೋಚನೆಯಿದೆ. ಎಷ್ಟು ಆಳದವರೆಗೆ ಮಣ್ಣು ತೆಗೆಸಬೇಕೆಂದು ಇಂಥ ನೆಲದಲ್ಲಿ ಕಟ್ಟಿಸಿದವರು ದಯವಿಟ್ಟು ತಿಳಿಸಿ. ನೀರು ನಿಲ್ಲದಂತೆ 10 ಅಡಿಗೆ 1 ಅಂಗುಲದಂತೆ ಒಂದೇ ಬದಿಗೆ ಇಳಿಜಾರು ಕೊಡಿಸುವುದು ಖಚಿತವಾಗಿದೆ.

ಒಬ್ಬ ಗುತ್ತಿಗೆದಾರರು ಕಾಂಕ್ರೀಟ್ ಹಾಕಿದ ವಾರಕ್ಕೇ ಅಕ್ರಿಲಿಕ್ (ಅಂಕಣದ ಮೇಲೆ ಬಳಿಯುವ ಬಣ್ಣದ ಮೇಲ್ಪದರ) ಬಳಿಯಬಹುದೆನ್ನುತ್ತಾರೆ. ಸಾಮಾನ್ಯವಾಗಿ 28 ದಿನವಾದರೂ ಬಿಡಬೇಕು, ಒಳಗಿನ ತೇವ ಆರದಿದ್ದರೆ ಪದರ ಗುಳ್ಳೆಯೆದ್ದು ಕಿತ್ತುಬರುತ್ತದೆ. ಹಾಗಾಗಿ ಅವರ ಮಾತನ್ನು ನಾನು ಒಪ್ಪಿಲ್ಲ. ಅಕ್ರಿಲಿಕ್ ಬದಲು ಪ್ಲಾಸ್ಟಿಕ್ ಟೈಲ್ಸ್ ಜೋಡಿಸಿದವರಿದ್ದರೆ, ಚೆಂಡಿನ ಪುಟಿತ ಹೇಗಿದೆ, ಅಡಿಯಲ್ಲಿ ಪಾಚಿ ಕಟ್ಟುತ್ತದೆಯೇ ಎಂಬುದನ್ನು ಹೇಳಿ.

ಒಟ್ಟು 1,800 ಚದರ ಅಡಿಯ ಕೆಲಸ. ಖರ್ಚು ತಿಳಿಸುವವರು ಮಣ್ಣಿನ ಕೆಲಸ, ಕಾಂಕ್ರೀಟ್, ಮೇಲ್ಪದರ, ಬಲೆ ಮತ್ತು ದೀಪಗಳ ಮೊತ್ತವನ್ನು ಬೇರೆಬೇರೆಯಾಗಿ, ಕಟ್ಟಿಸಿದ ವರ್ಷದೊಂದಿಗೆ ಬರೆದರೆ ಬಹಳ ಉಪಕಾರವಾಗುತ್ತದೆ.