ಹದಿನಾಲ್ಕರ ಹುಡುಗ, ಸಾಯುವವರೆಗಿನ ಸೆರೆ: ನಮ್ಮ ಮನೆಗುಂಪಿನ ಒಂದು ಭಾನುವಾರ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕಳೆದ ಭಾನುವಾರ ನಡೆದ ಮಾತುಕತೆಯನ್ನು, ನಡುನಡುವೆ ಬಂದ ಶುಭೋದಯದ ಚಿತ್ರಗಳನ್ನು ಬಿಟ್ಟು, ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಇಡುತ್ತಿದ್ದೇನೆ. ದೊಡ್ಡಮಾವ ನಿವೃತ್ತ ಮೇಷ್ಟ್ರು. ಅರ್ಧ ವಾಕ್ಯ ಬರೆದವರಿಗೆ ತಿದ್ದಿ ವಾಪಸು ಕಳಿಸುತ್ತಾರೆ. ಹಾಗಾಗಿ ಈ ಗುಂಪಿನಲ್ಲಿ ಎಲ್ಲರೂ ಕಾಗದ ಬರೆಯುವವರಂತೆಯೇ ಬರೆಯುತ್ತಾರೆ.

ದೊಡ್ಡಮಾವ, 7:10
(ಫಾರ್ವರ್ಡ್ ಆದ ಚಿತ್ರ) ‘ಅಮೆರಿಕದಲ್ಲಿ ಹದಿನಾಲ್ಕು ವರ್ಷದವನು ಕೊಲೆ ಮಾಡಿದರೂ ಕಡ್ಡಾಯವಾಗಿ ಸಾಯುವವರೆಗೆ ಜೈಲು. ಒಂದು ದಿನದ ಪೆರೋಲ್ ಕೂಡ ಇಲ್ಲ. ಕಾನೂನೆಂದರೆ ಹೀಗಿರಬೇಕು!’
ಹಳೆಯ ಸಹೋದ್ಯೋಗಿಯೊಬ್ಬರು ಇದನ್ನು ಕಳಿಸಿದರು. ಕೊಲ್ಲುವಷ್ಟು ಬುದ್ಧಿ ಬಂದವನಿಗೆ ಅದರ ಫಲ ಉಣ್ಣುವಷ್ಟು ಬುದ್ಧಿಯೂ ಬಂದಿರಬೇಕು ಎನ್ನುವುದು ನನ್ನ ಮತ.

ನಾನು, 7:42
ಮಾವ, ಮತ ನಿಮ್ಮದು, ಅದರ ಮಾತು ಆಮೇಲೆ. ಆದರೆ ಆ ಚಿತ್ರದಲ್ಲಿ ಎರಡು ತಪ್ಪುಗಳಿವೆ. ನಮ್ಮ ಪತ್ರಿಕೆಗಳಲ್ಲಿ ಪೆರೋಲ್ ಎಂದರೆ ಕೈದಿ ನಾಲ್ಕು ದಿನ ಹೊರಗೆ ಬಂದು ಮತ್ತೆ ಒಳಗೆ ಹೋಗುವುದು. ಅಮೆರಿಕದಲ್ಲಿ ಆ ಪದಕ್ಕೆ ಆ ಅರ್ಥವಿಲ್ಲ. ಅಲ್ಲಿ ಅದು ಶಿಕ್ಷೆಯ ಉಳಿದ ಭಾಗವನ್ನು ಹೊರಗಿದ್ದುಕೊಂಡು, ಅಧಿಕಾರಿಯ ನಿಗಾದಲ್ಲಿ, ಷರತ್ತುಗಳಿಗೆ ಒಳಪಟ್ಟು ಕಳೆಯುವ ಬಿಡುಗಡೆ. ಆದ್ದರಿಂದ ‘ಪೆರೋಲ್ ಇಲ್ಲದ ಜೀವಾವಧಿ’ ಎಂದರೆ ರಜೆ ಇಲ್ಲದ ಜೈಲು ಎಂದಲ್ಲ, ಹೆಣವಾಗಿಯೇ ಹೊರಬರುವ ಜೈಲು. ಇನ್ನು ‘ಕಡ್ಡಾಯ’ ಎಂಬುದು 2012ರ ಜೂನ್ ತಿಂಗಳಲ್ಲೇ ಬಿದ್ದುಹೋಗಿದೆ.

ತಮ್ಮ, 7:50
ಮಾವ ಹನ್ನೆರಡು ವರ್ಷಕ್ಕೂ ಹಳೆಯ ಸುದ್ದಿಯನ್ನು ಬಿಸಿಬಿಸಿಯಾಗಿ ಬಡಿಸಿದ್ದಾರೆ.

ದೊಡ್ಡಮಾವ, 8:05
ಅಣಕ ಸಾಕು. ಏನು ಬಿದ್ದುಹೋಯಿತು, ಏಕೆ ಬಿದ್ದುಹೋಯಿತು ಎಂದು ತಿಳಿದವರು ಬರೆಯಲಿ.

ಅಕ್ಕ, 8:40
ಮಾವ, ನಾನು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಅಪರಾಧದ ಹೊತ್ತಿಗೆ ಹದಿನೆಂಟು ತುಂಬದವರಿಗೆ ಮರಣದಂಡನೆ ಕೂಡದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಕೊಲೆಯಲ್ಲದ ಅಪರಾಧಕ್ಕೆ ಆ ವಯಸ್ಸಿನವರನ್ನು ಪೆರೋಲ್ ಇಲ್ಲದೆ ಜೀವನಪೂರ್ತಿ ಕೂಡಿಹಾಕುವಂತಿಲ್ಲವೆಂದು 2010ರ ಗ್ರಹಾಂ ಪ್ರಕರಣದಲ್ಲಿ ಹೇಳಿತು. 2012ರದ್ದು ಮಿಲ್ಲರ್ ಪ್ರಕರಣ. ಅಲಬಾಮಾದ ಇವಾನ್ ಮಿಲ್ಲರ್ 2003ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಗೆಳೆಯನೊಡನೆ ಸೇರಿ ನೆರೆಯವನೊಬ್ಬನನ್ನು ಹೊಡೆದು, ಅವನಿದ್ದ ಟ್ರೈಲರ್ ಮನೆಗೆ ಬೆಂಕಿ ಹಚ್ಚಿದ. ಆ ಮನುಷ್ಯ ಸತ್ತ. ಕೃತ್ಯ ಘೋರವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದೇ ತೀರ್ಪಿನಲ್ಲಿ ಜೊತೆಯಾಗಿ ನಿರ್ಧಾರವಾದ ಅರ್ಕಾನ್ಸಾಸ್‌ನ ಕುಂಟ್ರೆಲ್ ಜ್ಯಾಕ್ಸನ್ ಪ್ರಕರಣವೇ ಬೇರೆ. ವಿಡಿಯೊ ಅಂಗಡಿಯನ್ನು ದೋಚಲು ಹೊರಟ ಹುಡುಗರಲ್ಲಿ ಒಬ್ಬನ ಬಳಿ ಬಂದೂಕಿದೆಯೆಂದು ದಾರಿಯಲ್ಲಿ ತಿಳಿದ ಇವನು ಮೊದಲು ಹೊರಗೇ ನಿಂತಿದ್ದ, ಆಮೇಲೆ ಒಳಗೆ ಹೋದ. ಗುಂಡು ಹಾರಿಸಿದವನು ಇನ್ನೊಬ್ಬ. ಆದರೂ ಇಬ್ಬರು ಹದಿನಾಲ್ಕರ ಹುಡುಗರಿಗೂ ಒಂದೇ ಶಿಕ್ಷೆಯಾಯಿತು, ಏಕೆಂದರೆ ಕಾನೂನು ನ್ಯಾಯಾಧೀಶರಿಗೆ ಬೇರೆ ದಾರಿಯನ್ನೇ ಇಟ್ಟಿರಲಿಲ್ಲ. ಮಿಲ್ಲರ್ ಸಾಕುಮನೆಗಳಲ್ಲಿ ಇದ್ದು ಬೆಳೆದವನೆಂಬುದಾಗಲಿ, ನಾಲ್ಕು ಬಾರಿ ಆತ್ಮಹತ್ಯೆಗೆ ಯತ್ನಿಸಿದ್ದನೆಂಬುದಾಗಲಿ, ಅದರಲ್ಲಿ ಮೊದಲನೆಯದು ಆರನೆಯ ವಯಸ್ಸಿನಲ್ಲೆಂಬುದಾಗಲಿ ಶಿಕ್ಷೆಯನ್ನು ಕೂದಲೆಳೆಯಷ್ಟೂ ಕದಲಿಸುವಂತಿರಲಿಲ್ಲ. ಹೀಗೆ ವಯಸ್ಸನ್ನು ನೋಡದೆಯೇ ಕಡ್ಡಾಯವಾಗಿ ಬೀಳುವ ಶಿಕ್ಷೆಯು ಸಂವಿಧಾನದ ಎಂಟನೆಯ ತಿದ್ದುಪಡಿ ನಿಷೇಧಿಸುವ ‘ಕ್ರೂರ ಮತ್ತು ಅಸಾಮಾನ್ಯ ಶಿಕ್ಷೆ’ ಎಂದು ಒಂಬತ್ತರಲ್ಲಿ ಐವರು ಹೇಳಿದರು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಎಲೆನಾ ಕೇಗನ್.

ದೊಡ್ಡಮಾವ, 9:15
ಒಂಬತ್ತರಲ್ಲಿ ಐವರು ಎಂದರೆ ನಾಲ್ವರು ಒಪ್ಪಲಿಲ್ಲ. ಜನರೇ ಆರಿಸಿದ ಶಾಸನಸಭೆಗಳು ಅಷ್ಟೊಂದು ರಾಜ್ಯಗಳಲ್ಲಿ ಮಾಡಿಕೊಂಡ ಕಾನೂನನ್ನು ಐದು ಮಂದಿ ಕೂತು ‘ಅಸಾಮಾನ್ಯ’ ಎನ್ನುವುದಾದರೆ ಆ ಪದದ ಅರ್ಥವೇನು? ನಿಘಂಟು ನೋಡಿದವನಾಗಿ ಕೇಳುತ್ತಿದ್ದೇನೆ.

ಅಕ್ಕ, 9:22
ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅವರ ಭಿನ್ನಮತದ ಸಾರ ಹೆಚ್ಚುಕಡಿಮೆ ಇದೇ, ಮಾವ. ಅದು ತೂಕದ ಪ್ರಶ್ನೆಯೆಂದು ನಾನೂ ಒಪ್ಪುತ್ತೇನೆ. ಆದರೆ ಆ ಕಾನೂನುಗಳಲ್ಲಿ ಹಲವು ಹೇಗೆ ಬಂದವು ಎಂಬುದನ್ನೂ ನೋಡಬೇಕು. ಹದಿಹರೆಯದವರನ್ನು ದೊಡ್ಡವರ ನ್ಯಾಯಾಲಯಕ್ಕೆ ಕಳಿಸುವುದು ಒಂದು ಕಾನೂನು, ಅಲ್ಲಿ ಕೊಲೆಗೆ ಕಡ್ಡಾಯ ಜೀವಾವಧಿ ಎಂಬುದು ಇನ್ನೊಂದು. ಎರಡೂ ಕೂಡಿದಾಗ ಹದಿನಾಲ್ಕರವನಿಗೆ ಏನಾಗುತ್ತದೆ ಎಂದು ಎಷ್ಟೋ ಕಡೆ ಯಾರೂ ಕುಳಿತು ಯೋಚಿಸಿರಲಿಲ್ಲ. ಮೇಲಾಗಿ 1990ರ ದಶಕದಲ್ಲಿ ‘ಸೂಪರ್ ಪ್ರಿಡೇಟರ್’ ಎಂಬ ಮಾತು ಹುಟ್ಟಿ, ಕರುಣೆಯೇ ತಿಳಿಯದ ಬಾಲಾಪರಾಧಿಗಳ ಹಿಂಡು ಬರಲಿದೆ ಎಂಬ ಭಯ ಹಬ್ಬಿತು. ಹಿಂಡು ಬರಲಿಲ್ಲ, ಅಪರಾಧ ಇಳಿಯಿತು. ಆ ಮಾತನ್ನು ಚಲಾವಣೆಗೆ ತಂದ ಜಾನ್ ಡಿಯೂಲಿಯೊ ಅವರೇ ಮಿಲ್ಲರ್ ಪ್ರಕರಣದಲ್ಲಿ, ಆ ಭವಿಷ್ಯ ಸುಳ್ಳಾಯಿತೆಂದು ಕೋರ್ಟಿಗೆ ತಿಳಿಸಿದ ಮನವಿಗೆ ಸಹಿ ಹಾಕಿದರು. ಕಾನೂನುಗಳು ಮಾತ್ರ ಉಳಿದಿದ್ದವು.

ಚಿಕ್ಕಮ್ಮ, 10:30
ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಕೊಂದವನ ಬಾಲ್ಯ ಬಂತು, ನ್ಯಾಯಮೂರ್ತಿಗಳ ಲೆಕ್ಕ ಬಂತು, ಸತ್ತವರ ಮನೆಯವರು ಮಾತ್ರ ಈ ತನಕ ಬರಲಿಲ್ಲ. ತೀರ್ಪಿನ ದಿನ ಸರ್ಕಾರ ಅವರಿಗೆ ‘ಇದು ಮುಗಿಯಿತು, ಇವನ ಮುಖವನ್ನು ನೀವು ಮತ್ತೆ ನೋಡಬೇಕಾಗಿಲ್ಲ’ ಎಂದು ಹೇಳಿ ಕಳಿಸಿತ್ತು. ಇಪ್ಪತ್ತು ವರ್ಷದ ಮೇಲೆ ಅದೇ ಸರ್ಕಾರ ಕಾಗದ ಬರೆದು, ಪೆರೋಲ್ ಮಂಡಳಿಯ ಮುಂದೆ ಬಂದು ನಿಮ್ಮ ಸಂಕಟವನ್ನು ಹೇಳಿ ಎನ್ನುತ್ತದೆ. ನಿರಾಕರಿಸಿದರೆ ಕೆಲವು ವರ್ಷದ ಮೇಲೆ ಮತ್ತೆ ಬನ್ನಿ ಎನ್ನುತ್ತದೆ. ಶಿಕ್ಷೆ ಅವನಿಗೋ, ಇವರಿಗೋ? ಅಣ್ಣನ ಮಾತಿನ ಒರಟುತನ ನನಗೆ ಬೇಡ, ಆದರೆ ಈ ಒಂದು ಮಾತಿಗೆ ನಿಮ್ಮಲ್ಲಿ ಯಾರಾದರೂ ಉತ್ತರ ಕೊಡಬೇಕು.

ನಾನು, 11:20
ಚಿಕ್ಕಮ್ಮ, ನೀವು ಹೇಳಿದ್ದು ನಿಜ, ಅದನ್ನು ತಳ್ಳಿಹಾಕುವ ಉತ್ತರ ನನ್ನಲ್ಲಿಲ್ಲ. ನನ್ನನ್ನು ಬಹಳ ದಿನ ಕಾಡಿದ ಒಂದು ಮನೆಯ ವಿಚಾರವನ್ನಷ್ಟೇ ಹೇಳುತ್ತೇನೆ. 1990ರಲ್ಲಿ ಷಿಕಾಗೊ ಹೊರವಲಯದ ವಿನೆಟ್ಕಾದಲ್ಲಿ ಹದಿನಾರರ ಹುಡುಗನೊಬ್ಬ ಗರ್ಭಿಣಿಯನ್ನೂ ಅವಳ ಗಂಡನನ್ನೂ ಅವರ ಮನೆಯೊಳಗೇ ಗುಂಡಿಟ್ಟು ಕೊಂದ. ಅವಳಿಗೆ ಇಬ್ಬರು ಅಕ್ಕಂದಿರು. ಇಬ್ಬರೂ ಮರಣದಂಡನೆಯನ್ನು ವಿರೋಧಿಸಿದವರು. ಒಬ್ಬ ಅಕ್ಕ ಸಂತ್ರಸ್ತ ಕುಟುಂಬಗಳ ಪರವಾಗಿ ನಿಂತು, ಪೆರೋಲ್ ಇಲ್ಲದ ಜೀವಾವಧಿಯನ್ನು ಬಾಲಾಪರಾಧಿಗಳಿಗೂ ಉಳಿಸಬೇಕೆಂದು, ನೀವು ಈಗ ಹೇಳಿದ ಕಾರಣಗಳನ್ನೇ ಹೇಳಿ ಹೋರಾಡಿದರು. ಇನ್ನೊಬ್ಬ ಅಕ್ಕ, ವೃತ್ತಿಯಲ್ಲಿ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲೆ, ಎರಡು ದಶಕದ ಮೇಲೆ ಜೈಲಿಗೆ ಹೋಗಿ ಆ ಹುಡುಗನನ್ನು ಕಾಣತೊಡಗಿದರು. ಈ ಶಿಕ್ಷೆಯೇ ಕೂಡದೆಂದು ಸಾರ್ವಜನಿಕವಾಗಿ ಹೇಳತೊಡಗಿದರು. ಕಳೆದುಕೊಂಡದ್ದು ಇಬ್ಬರೂ ಒಬ್ಬಳೇ ತಂಗಿಯನ್ನು. ಅವರಲ್ಲಿ ಯಾರ ದುಃಖ ಹೆಚ್ಚು ಸಾಚಾ ಎಂದು ನಾನು ತೂಗಲಾರೆ. ಆದರೆ ‘ಸತ್ತವರ ಮನೆಯವರಿಗೆ ಬೇಕಾದದ್ದು ಇದೇ’ ಎಂದು ಶಾಸನವೊಂದು ಎಲ್ಲರ ಪರವಾಗಿ ಹೇಳಿಬಿಡುವುದು ಹೇಗೆಂದು ಆಗಿನಿಂದ ನನಗೆ ತಿಳಿಯುತ್ತಿಲ್ಲ.

ಚಿಕ್ಕಮ್ಮ, 11:34
ಇಬ್ಬರು ಅಕ್ಕಂದಿರಲ್ಲಿ ನಾನು ಮೊದಲನೆಯವಳ ಜೊತೆ.

ತಮ್ಮ, 11:50
ಒಂದು ಪ್ರಶ್ನೆ. ಬಿಟ್ಟರೆ ಮತ್ತೆ ಕೊಲ್ಲುವುದಿಲ್ಲ ಎಂಬುದಕ್ಕೆ ಖಾತ್ರಿ ಏನು?

ಅಕ್ಕ, 12:15
ಖಾತ್ರಿಯಿಲ್ಲ, ಅಂದಾಜಿದೆ. ಮಿಲ್ಲರ್ ತೀರ್ಪು ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆ ಎಂದು 2016ರ ಮಾಂಟ್ಗಾಮರಿ ಪ್ರಕರಣದಲ್ಲಿ ಕೋರ್ಟ್ ಹೇಳಿದ ಮೇಲೆ ಸಾವಿರಕ್ಕೂ ಹೆಚ್ಚು ಮಂದಿ ಹೊರಬಂದಿದ್ದಾರೆ. ಹಾಗೆ ಫಿಲಡೆಲ್ಫಿಯಾದಲ್ಲಿ ಬಿಡುಗಡೆಯಾದ 174 ಮಂದಿಯ ಬಗ್ಗೆ ಮಾಂಟ್‌ಕ್ಲೇರ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮತ್ತೆ ಶಿಕ್ಷೆಗೊಳಗಾದವರ ಪ್ರಮಾಣ ಶೇ. 1.14, ಎಂದರೆ ಇಬ್ಬರು. ಬಿಡುಗಡೆಯಾಗಿ ಆಗ ಹೆಚ್ಚು ವರ್ಷ ಕಳೆದಿರಲಿಲ್ಲ ಎಂಬುದನ್ನೂ, ಒಳಗೆ ಹೋದಾಗ ಹುಡುಗರಾಗಿದ್ದವರು ಹೊರಬಂದಾಗ ಐವತ್ತರ ಆಸುಪಾಸಿನವರು ಎಂಬುದನ್ನೂ ಸೇರಿಸಿಯೇ ಓದಬೇಕು. ಅದೇ ಪೆನ್ಸಿಲ್ವೇನಿಯಾದ ಜೋ ಲಿಗನ್ 1953ರಲ್ಲಿ ಹದಿನೈದರವನಾಗಿ ಒಳಗೆ ಹೋಗಿ 2021ರಲ್ಲಿ 83ರ ಮುದುಕನಾಗಿ ಹೊರಬಂದರು. ನಡುವೆ ಪೆರೋಲಿನ ಅವಕಾಶ ಸಿಕ್ಕಿದಾಗ, ಉಳಿದ ಬದುಕನ್ನು ಅಧಿಕಾರಿಯ ನಿಗಾದಲ್ಲಿ ಕಳೆಯಲಾರೆನೆಂದು ಅದನ್ನು ಬೇಡವೆಂದಿದ್ದರು.

ದೊಡ್ಡಮಾವ, 12:40
ಹಾಗಾದರೆ ಬಾಗಿಲು ತೆರೆದದ್ದಾಯಿತು, ಎಲ್ಲರೂ ಹೊರಬಂದದ್ದಾಯಿತು. ಇನ್ನು ಚರ್ಚೆ ಯಾವುದಕ್ಕೆ?

ನಾನು, 1:05
ಎಲ್ಲರೂ ಬಂದಿಲ್ಲ, ಮಾವ. ಪೆರೋಲಿಗೆ ಅರ್ಹತೆ ಬಂದರೆ ಬಿಡುಗಡೆಯೇ ಸಿಕ್ಕಿತು ಎಂದಲ್ಲ. ತನ್ನ ಹೆಸರಿನಲ್ಲೇ ತೀರ್ಪು ಗೆದ್ದ ಹೆನ್ರಿ ಮಾಂಟ್ಗಾಮರಿಯವರನ್ನು ಲೂಸಿಯಾನದ ಪೆರೋಲ್ ಮಂಡಳಿ ಎರಡು ಬಾರಿ ನಿರಾಕರಿಸಿತು. 1963ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಡೆಪ್ಯುಟಿ ಷೆರೀಫನೊಬ್ಬನನ್ನು ಕೊಂದಿದ್ದ ಅವರು ಹೊರಬಂದದ್ದು 2021ರ ನವೆಂಬರಿನಲ್ಲಿ, 75ನೆಯ ವಯಸ್ಸಿನಲ್ಲಿ. ನಾನು ಕೇಳುತ್ತಿರುವುದು ಎಲ್ಲರನ್ನೂ ಬಿಡಿ ಎಂದಲ್ಲ. ಹದಿನೈದರ ಹುಡುಗ ನಲವತ್ತರಲ್ಲಿ ಏನಾಗುತ್ತಾನೆ ಎಂಬ ಪ್ರಶ್ನೆಯನ್ನು ನಲವತ್ತರಲ್ಲಿ ಕೇಳಿ, ಹದಿನೈದರಲ್ಲೇ ಉತ್ತರ ಬರೆದಿಡಬೇಡಿ ಎನ್ನುವುದಷ್ಟೇ. ನೀವು ನಲವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವರು. ಒಂಬತ್ತನೆಯ ತರಗತಿಯಲ್ಲಿದ್ದವನನ್ನು ನೋಡಿ ಅವನ ಐವತ್ತನೆಯ ವರ್ಷವನ್ನು ಸರಿಯಾಗಿ ಹೇಳಿದ್ದು ಎಷ್ಟು ಸಲ?

ದೊಡ್ಡಮಾವ, 1:30
ತುಂಬ ಸಲ ತಪ್ಪಿದ್ದೇನೆ. ಕೆಲವು ಸಲ ಸರಿಯಾಗಿಯೂ ಹೇಳಿದ್ದೇನೆ, ಅದನ್ನು ನೀನು ಕೇಳಲಿಲ್ಲ.

ಅಕ್ಕ, 2:10
ಮಾವನ ಆ ‘ಕೆಲವು ಸಲ’ದ ಮೇಲೆಯೇ ಅಲ್ಲಿನ ಕೋರ್ಟ್ ಮತ್ತೆ ಮುಗ್ಗರಿಸಿದೆ. ಬದಲಾಗುವರೆಂಬ ಭರವಸೆಯೇ ಇಲ್ಲದ ಅಪರೂಪದವರಿಗೆ ಮಾತ್ರ ಈ ಶಿಕ್ಷೆ ಎಂದು 2016ರಲ್ಲಿ ಹೇಳಿದ ಮೇಲೆ, 2021ರ ಜೋನ್ಸ್ ಪ್ರಕರಣದಲ್ಲಿ, ಹುಡುಗ ಅಂಥವನೇ ಎಂದು ನ್ಯಾಯಾಧೀಶರು ಪ್ರತ್ಯೇಕವಾಗಿ ನಿರ್ಣಯಿಸಿ ಬರೆಯಬೇಕಾಗಿಲ್ಲ, ವಯಸ್ಸನ್ನು ಪರಿಗಣಿಸುವ ಅಧಿಕಾರ ಅವರಿಗಿದ್ದರೆ ಸಾಕು ಎಂದು ಆರು ಮಂದಿ ಹೇಳಿದರು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಬಾಲಾಪರಾಧಿಗಳಿಗೆ ಈ ಶಿಕ್ಷೆಯನ್ನೇ ತೆಗೆದುಹಾಕಿವೆ; ಉಳಿದ ಕಡೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. 2012ರ ತೀರ್ಪಿನ ಜೊತೆಗಾರ ಜ್ಯಾಕ್ಸನ್ 2017ರಲ್ಲಿ ಹೊರಬಂದ. ತೀರ್ಪಿಗೆ ತನ್ನ ಹೆಸರನ್ನೇ ಕೊಟ್ಟ ಇವಾನ್ ಮಿಲ್ಲರ್‌ಗೆ ಮರುವಿಚಾರಣೆಯ ಬಳಿಕ 2021ರ ಏಪ್ರಿಲ್‌ನಲ್ಲಿ, ಈ ಬಾರಿ ಕಡ್ಡಾಯವಿಲ್ಲದೆ, ಪೆರೋಲ್ ಇಲ್ಲದ ಅದೇ ಜೀವಾವಧಿಯನ್ನು ವಿಧಿಸಿದರು.

ಚಿಕ್ಕಮ್ಮ, 2:25
ಆ ನ್ಯಾಯಾಧೀಶರು ಎಲ್ಲವನ್ನೂ ಕೇಳಿ ಕೊಟ್ಟ ಶಿಕ್ಷೆಯಾದರೆ ನನಗೆ ಆಕ್ಷೇಪವಿಲ್ಲ.

ಅಕ್ಕ, 2:28
ನನಗಿದೆ ಚಿಕ್ಕಮ್ಮ, ಆದರೆ ಮೊದಲಿದ್ದಷ್ಟಿಲ್ಲ.

ದೊಡ್ಡಮಾವ, 4:45
ಆ ಚಿತ್ರ ಕಳಿಸಿದವರಿಗೆ ‘ಕಡ್ಡಾಯ’ ಎಂಬುದು 2012ರಲ್ಲೇ ಹೋಯಿತೆಂದೂ, ಪೆರೋಲಿಗೆ ಅಲ್ಲಿ ಬೇರೆ ಅರ್ಥವೆಂದೂ ತಿದ್ದಿ ಬರೆದಿದ್ದೇನೆ. ಕೊನೆಯ ಸಾಲನ್ನು ತಿದ್ದಿಲ್ಲ. ಅದು ನನ್ನ ಅಭಿಪ್ರಾಯ, ಇನ್ನೂ ಹಾಗೆಯೇ ಇದೆ. ಆಶ್ಚರ್ಯಸೂಚಕ ಚಿಹ್ನೆಯನ್ನು ಮಾತ್ರ ತೆಗೆದಿದ್ದೇನೆ.